ಸೈಕಲ್‌ಗೂ ಚಾರಣಕ್ಕೂ ಯಾವ ನೀರಿನ ಬಾಟಲಿ? ನಂದಿ ಇಳಿಜಾರಿನಲ್ಲಿ ಬಾಟಲಿ ಬೀಳಿಸಿಕೊಂಡವನ ಪ್ರಶ್ನೆ

ಹೆಬ್ಬಾಳದ_ಪೆಡಲ್

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಂದಿ ಬೆಟ್ಟ ಇಳಿಯುವಾಗ ನನ್ನ ಸೈಕಲ್‌ನಿಂದ ಸ್ಟೀಲ್ ಬಾಟಲಿ ಹಾರಿ ಬಿತ್ತು. ಮುಕ್ಕಾಲು ಲೀಟರಿನದು, ಎರಡು ಪದರದ ಥರ್ಮಾಸ್ ತರಹದ್ದು, ಇನ್ನೂ ಅರ್ಧ ನೀರಿತ್ತು. ತಿರುವಿನಲ್ಲಿ ಒಂದು ಸಣ್ಣ ಗುಂಡಿ, ಠಣ್ ಅಂತ ಶಬ್ದ, ಹಿಂದೆ ಬರುತ್ತಿದ್ದವರ ಮುಂದಿನ ಚಕ್ರಕ್ಕೆ ಒಂದು ಗೇಣು ದೂರದಲ್ಲಿ ಅದು ಉರುಳಿಕೊಂಡು ಹೋಯಿತು. ಪುಣ್ಯಕ್ಕೆ ಅವರು ಬೀಳಲಿಲ್ಲ. ಕೆಳಗೆ ಬಂದು ಟೀ ಕುಡಿಯುವಾಗ ಸರಿಯಾಗಿ ಬೈದರು. ಬೈಸಿಕೊಳ್ಳಬೇಕಾದದ್ದೇ.

ಈಗ ಪ್ರಶ್ನೆ. ವಾರಕ್ಕೆ ನಾಲ್ಕು ದಿನ ಆಫೀಸಿಗೆ ಸೈಕಲ್, ಹೋಗಿ ಬರಲು 28 ಕಿ.ಮೀ. ಭಾನುವಾರ ನಂದಿ ಅಥವಾ ದೇವನಹಳ್ಳಿ ಕಡೆ. ಡಿಸೆಂಬರ್‌ನಲ್ಲಿ ಕುಮಾರ ಪರ್ವತ ಹತ್ತುವ ಯೋಚನೆ ಇದೆ. ಇದಕ್ಕೆಲ್ಲ ಸೇರಿ ಒಂದೇ ಬಾಟಲಿ ಸಾಕಾ? ಸ್ಟೀಲ್ ಒಳ್ಳೆಯದು, ಪ್ಲಾಸ್ಟಿಕ್ ವಿಷ ಅಂತ ಮನೆಯಲ್ಲಿ ದಿನಾ ಕೇಳುತ್ತೇನೆ. ಅಂಗಡಿಗೆ ಹೋದರೆ 150 ರೂಪಾಯಿಯಿಂದ 3 ಸಾವಿರದವರೆಗೂ ಇವೆ, ತಲೆ ಕೆಟ್ಟುಹೋಯಿತು. ಬಜೆಟ್ ಒಂದು ಸಾವಿರ.

ರಾತ್ರಿ_ಬ್ರೆವೆ

ಒಂದೇ ಬಾಟಲಿ ಸಾಕಾಗುವುದಿಲ್ಲ ಗುರು. ಆ ಆಸೆ ಮೊದಲು ಬಿಡಿ.

ನಾನು 200, 300 ಕಿ.ಮೀ. ಬ್ರೆವೆ, ಅಂದರೆ ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಓಡಿಸುವವನು. 200ಕ್ಕೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ ಸಮಯ ಕೊಡುತ್ತಾರೆ. ಅಷ್ಟು ಹೊತ್ತು ಸೀಟಿನ ಮೇಲೆ ಕೂತವನಿಗೆ ಬಾಟಲಿಯಲ್ಲಿ ಬೇಕಾದದ್ದು ಒಂದೇ ಗುಣ: ರಸ್ತೆಯಿಂದ ಕಣ್ಣು ತೆಗೆಯದೆ ಒಂದು ಕೈಯಲ್ಲಿ ಎಳೆದು, ಹಿಂಡಿ, ಕುಡಿದು, ವಾಪಸ್ ತುರುಕಲು ಬರಬೇಕು. ಸ್ಟೀಲ್ ಬಾಟಲಿಯನ್ನು ಹಿಂಡುವುದು ಹೇಗೆ? ತಲೆ ಹಿಂದಕ್ಕೆ ಎತ್ತಿ ಸುರಿದುಕೊಳ್ಳಬೇಕು. ತಲೆ ಎತ್ತಿದರೆ ರಸ್ತೆ ಕಾಣುವುದಿಲ್ಲ. ತಿರುಗಿಸುವ ಮುಚ್ಚಳ ಇದ್ದರಂತೂ ಎರಡೂ ಕೈ ಬೇಕು.

ಹಿಂಡುವ ಬಾಟಲಿಗಳನ್ನು ಮಾಡುವುದು ಸಾಮಾನ್ಯವಾಗಿ ಎಲ್‌ಡಿಪಿಇ ಅನ್ನುವ ಮೆತ್ತನೆಯ ಪ್ಲಾಸ್ಟಿಕ್‌ನಿಂದ. ಬುಡದಲ್ಲಿ ತ್ರಿಕೋನದೊಳಗೆ 4 ಅಂತ ಇರುತ್ತದೆ. ಖಾಲಿ ಬಾಟಲಿ ನೂರು ಗ್ರಾಂ ಕೂಡ ತೂಗುವುದಿಲ್ಲ. ನಿಮ್ಮ ಸ್ಟೀಲಿನದು ಖಾಲಿ ಇದ್ದಾಗಲೇ ಮುನ್ನೂರು ನಾನೂರು ಗ್ರಾಂ ಇದ್ದೀತು, ತೂಗಿ ನೋಡಿ. ನೀರು ತುಂಬಿದರೆ ಒಂದು ಕೆ.ಜಿ. ಮೇಲೆ. ಅಷ್ಟು ಭಾರವನ್ನು ಒಂದು ತೆಳು ತಂತಿಯ ಕೇಜ್, ಅದೇ ಫ್ರೇಮ್ ಮೇಲೆ ಬಾಟಲಿ ಕೂರಿಸುವ ಗೂಡು, ಗುಂಡಿಯಲ್ಲಿ ಹಿಡಿದುಕೊಳ್ಳಬೇಕು ಅಂದರೆ ಪಾಪ, ಅದು ತಾನೇ ಏನು ಮಾಡುತ್ತದೆ.

ಗ್ಯಾರೇಜ್_ಗುರು_ಮೈಸೂರು

ತಪ್ಪು ಪೂರ್ತಿ ಬಾಟಲಿಯದಲ್ಲ. ಸೈಕಲ್ ಕೇಜ್‌ಗಳನ್ನು ಮಾಡುವುದು ಸುಮಾರು 73-74 ಮಿ.ಮೀ. ವ್ಯಾಸದ ಬಾಟಲಿಗೆ. ಕೇಜ್‌ನ ಮೇಲ್ತುದಿಯಲ್ಲೋ ಮಧ್ಯದಲ್ಲೋ ಒಂದು ಸಣ್ಣ ಉಬ್ಬು ಇರುತ್ತದೆ ನೋಡಿ, ಅದು ಬಾಟಲಿಯ ಸೊಂಟದಲ್ಲಿರುವ ತೋಡಿಗೆ ಕೂರಬೇಕು. ಸೈಕಲ್ ಬಾಟಲಿಗೆ ಆ ಸೊಂಟ ಕೊಟ್ಟಿರುವುದು ಅಂದಕ್ಕಲ್ಲ. ನಿಮ್ಮ ಥರ್ಮಾಸ್ ನೇರ ಕೊಳವೆಯ ಹಾಗೆ ಇದ್ದರೆ ಆ ಉಬ್ಬಿಗೆ ಹಿಡಿಯಲು ಏನೂ ಇಲ್ಲ. ಮೇಲಿಂದ ನುಣುಪು ಬೇರೆ.

ಅಂಗಡಿಗೆ ಬರುವವರಲ್ಲಿ ಅರ್ಧ ಜನ ಇದೇ ತಾಪತ್ರಯ ಹೇಳುತ್ತಾರೆ. ಅಂಗಡಿಯಲ್ಲಿ ಕೊಂಡ ಒಂದು ಲೀಟರ್ ಮಿನರಲ್ ವಾಟರ್ ಬಾಟಲಿ ತುರುಕಲು ನೋಡುತ್ತಾರೆ, ಅದು ಹೋಗುವುದಿಲ್ಲ. ಅರ್ಧ ಲೀಟರಿನದು ಹಾಕುತ್ತಾರೆ, ಅದು ಗಡಗಡ ಅಲ್ಲಾಡಿ ಚಾಮುಂಡಿ ಬೆಟ್ಟದ ಮೊದಲ ಹಂಪ್‌ನಲ್ಲೇ ಕೆಳಗೆ.

ಖರ್ಚಿಲ್ಲದ ಉಪಾಯ ಹೇಳುತ್ತೇನೆ. ಅಲ್ಯೂಮಿನಿಯಂ ಕೇಜ್ ಆದರೆ ಬಾಟಲಿ ತೆಗೆದು, ಕೇಜ್‌ನ ಎರಡು ತೋಳುಗಳನ್ನು ಒಳಕ್ಕೆ ಒತ್ತಿ ಸ್ವಲ್ಪ ಬಗ್ಗಿಸಿ. ನಿಧಾನವಾಗಿ, ಒಂದೇ ಸಲ, ಹಿಂದೆ ಮುಂದೆ ಬಗ್ಗಿಸುತ್ತಾ ಕೂತರೆ ಮುರಿಯುತ್ತದೆ. ಆಮೇಲೆ ಹಳೆಯ ಟ್ಯೂಬ್‌ನ ಒಂದು ತುಂಡು ಉದ್ದಕ್ಕೆ ಸೀಳಿ ಕೇಜ್‌ನ ತಂತಿಗೆ ಸುತ್ತಿ. ಶಬ್ದವೂ ನಿಲ್ಲುತ್ತದೆ, ಹಿಡಿತವೂ ಬರುತ್ತದೆ. ಕೇಜ್‌ನ ಎರಡು ಬೋಲ್ಟ್ ಬಿಗಿ ಇದೆಯಾ ನೋಡಿಕೊಳ್ಳಿ, ಹೆಚ್ಚಿನವಕ್ಕೆ 4 ಮಿ.ಮೀ. ಅಲೆನ್ ಕೀ ಸಾಕು. ಕಾರ್ಬನ್ ಫ್ರೇಮ್ ಆದರೆ ಜೋರು ತೋರಿಸಬೇಡಿ, ಒಳಗೆ ಬೋಲ್ಟ್ ಕೂರುವ ಮರೆ ಕಿತ್ತು ಬಂದರೆ ಬಾಟಲಿಯ ಹತ್ತರಷ್ಟು ಖರ್ಚು.

ಬಿಸಿಲ_ಕಲಬುರಗಿ

ಬೆಂಗಳೂರಿನವರು ಹಿಂಡುವ ಬಾಟಲಿ ಅಂತ ಆರಾಮ ಹೇಳುತ್ತೀರಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳು 42 ಡಿಗ್ರಿ ಬಿಸಿಲಿನಾಗ ಆ ಮೆತ್ತನೆಯ ಬಾಟಲಿ ಒಂದು ತಾಸು ಇಟ್ಟು ಕುಡಿದು ನೋಡ್ರಿ. ಚಹಾಪುಡಿ ಹಾಕುವುದಷ್ಟೇ ಬಾಕಿ. ಬಿಸಿ ನೀರು ಕುಡಿಯಲು ಮನಸ್ಸೇ ಬರುವುದಿಲ್ಲ, ಕುಡಿಯುವುದು ಕಡಿಮೆ ಆಗುತ್ತದೆ, ಅದರಿಂದ ತಲೆನೋವು. ನಾನಂತೂ ಸ್ಟೀಲ್ ಥರ್ಮಾಸ್ ಬಿಡುವುದಿಲ್ಲ. ಫ್ರೇಮ್ ಮೇಲಿನ ಚೀಲದಲ್ಲಿ ಇಡುತ್ತೇನೆ, ನಿಂತು ಕುಡಿಯುತ್ತೇನೆ.

ರಾತ್ರಿ_ಬ್ರೆವೆ

ಅಣ್ಣ, ನಿಮ್ಮ ಊರಿನ ಬಿಸಿಲಿನ ಮುಂದೆ ನನ್ನ ವಾದ ನಿಲ್ಲುವುದಿಲ್ಲ, ಒಪ್ಪಿದೆ. ಆದರೆ ಎರಡು ಪದರದ ಹಿಂಡುವ ಬಾಟಲಿಯೂ ಸಿಗುತ್ತದೆ, ನಡುವೆ ಫೋಮ್ ತರಹದ ಹಾಳೆ ಇರುತ್ತದೆ. ಥರ್ಮಾಸ್‌ನಷ್ಟು ಅಲ್ಲ, ಆದರೂ ಎರಡು ಗಂಟೆ ಕುಡಿಯುವ ಹಾಗೆ ಇಡುತ್ತದೆ. ಹಿಂಡಲು ಸ್ವಲ್ಪ ಗಟ್ಟಿ, ಅಷ್ಟೇ.

ಇನ್ನೊಂದು ಉಪಾಯ: ಹಿಂದಿನ ರಾತ್ರಿ ಬಾಟಲಿಗೆ ಮೂರರಲ್ಲಿ ಒಂದು ಪಾಲು ನೀರು ಹಾಕಿ, ಅಡ್ಡ ಮಲಗಿಸಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಮೇಲೆ ತಣ್ಣೀರು ತುಂಬಿಸಿ. ಅಡ್ಡ ಇಡುವುದು ಯಾಕೆಂದರೆ ಐಸ್ ಉದ್ದಕ್ಕೆ ಕೂರುತ್ತದೆ, ಬಾಯಿ ಕಟ್ಟಿಕೊಳ್ಳುವುದಿಲ್ಲ. ಮೆತ್ತನೆಯ ಪ್ಲಾಸ್ಟಿಕ್‌ನಲ್ಲಿ ಮಾತ್ರ ಮಾಡಿ. ಸ್ಟೀಲ್ ಥರ್ಮಾಸ್ ತುಂಬಿಸಿ ಫ್ರೀಜರ್‌ನಲ್ಲಿಟ್ಟು ಬುಡ ಉಬ್ಬಿಸಿಕೊಂಡ ಪುಣ್ಯಾತ್ಮರು ನಮ್ಮ ಗುಂಪಿನಲ್ಲೇ ಇದ್ದಾರೆ.

ಬಿಸಿಲ_ಕಲಬುರಗಿ

ಐಸ್ ಉಪಾಯ ಒಳ್ಳೆಯದು. ನಮ್ಮಪ್ಪ ಹೊಲಕ್ಕೆ ಹೋಗುವಾಗ ಬಾಟಲಿಗೆ ಗೋಣಿತಟ್ಟು ಸುತ್ತಿ, ನೀರಲ್ಲಿ ಅದ್ದಿ ಸೈಕಲ್ ಹ್ಯಾಂಡಲ್‌ಗೆ ನೇತುಹಾಕುತ್ತಿದ್ದರು. ಹೊಲ ಮುಟ್ಟುವ ಹೊತ್ತಿಗೆ ಹೂಜಿ ನೀರಿನ ಹಾಗೆ ತಣ್ಣಗೆ. ನಾನು ಹಳೆಯ ಹತ್ತಿ ಸಾಕ್ಸ್ ಹಾಕಿ ಹಾಗೇ ಮಾಡಿ ನೋಡಿದೆ. ನಗಬೇಡಿ, ಕೆಲಸ ಮಾಡುತ್ತದೆ.

ಕರಾವಳಿ_ಚಕ್ರ

ನಮ್ಮ ಉಡುಪಿಯಲ್ಲಿ ಅದೇ ಸಾಕ್ಸ್ ಮಾಡಿದೆ ಮಾರಾಯ್ರೆ. ಅರ್ಧ ದಿನ ಆದರೂ ಸಾಕ್ಸ್ ಒದ್ದೆ, ನೀರು ಬಿಸಿ, ಮೇಲಿಂದ ಮುಗ್ಗಲು ವಾಸನೆ ಬೇರೆ.

ಲ್ಯಾಬ್_ಅಮ್ಮ

ಇಬ್ಬರು ಹೇಳಿದ್ದೂ ಸರಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೌಲ್ ಶಾಖ ಬೇಕು, ಅದರಲ್ಲಿ ಒಂದಷ್ಟನ್ನು ಅದು ಬಾಟಲಿಯಿಂದಲೇ ಎಳೆದುಕೊಳ್ಳುತ್ತದೆ. 600 ಮಿ.ಲೀ. ನೀರನ್ನು 10 ಡಿಗ್ರಿ ಇಳಿಸಲು ಹತ್ತು ಹನ್ನೊಂದು ಗ್ರಾಂ ಆವಿಯಾದರೆ ಸಾಕು, ಲೆಕ್ಕದ ಪ್ರಕಾರ. ಹೊರಗಿನಿಂದ ಬಿಸಿಲೂ ಕಾಯಿಸುತ್ತಿರುವುದರಿಂದ ನಿಜದಲ್ಲಿ ಜಾಸ್ತಿ ಬೇಕಾಗುತ್ತದೆ. ಕಲಬುರಗಿಯ ಒಣ ಗಾಳಿಯಲ್ಲಿ, ಅದರಲ್ಲೂ ಸೈಕಲ್ ಓಡುವಾಗ, ಅದು ಬೇಗ ಆಗುತ್ತದೆ. ಉಡುಪಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಇನ್ನಷ್ಟು ಆವಿಗೆ ಜಾಗ ಎಲ್ಲಿ? ಹಾಗಾಗಿ ಕರಾವಳಿಯವರು ಸಾಕ್ಸ್ ಕಾಲಿಗೇ ಹಾಕಿಕೊಳ್ಳಿ.

ಈಗ "ಪ್ಲಾಸ್ಟಿಕ್ ವಿಷ" ಅನ್ನುವ ಮಾತಿಗೆ ಬರುತ್ತೇನೆ, ನನ್ನ ಕೆಲಸವೇ ಪ್ಲಾಸ್ಟಿಕ್ ಪರೀಕ್ಷೆ ಮಾಡುವುದು. ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ. ಬುಡದ ಸಂಖ್ಯೆ ನೋಡಿ. 1 ಅಂದರೆ ಪೆಟ್, ನೀರು ತುಂಬಿ ಮಾರುವ ತೆಳು ಬಾಟಲಿಗಳದ್ದು, ಅದನ್ನು ತಿಂಗಳುಗಟ್ಟಲೆ ತುಂಬಿ ತುಂಬಿ ಕುಡಿಯಬೇಡಿ. ತೊಳೆಯಲೂ ಬರುವುದಿಲ್ಲ, ಬಿಸಿ ನೀರೂ ತಡೆಯುವುದಿಲ್ಲ. 2, 4, 5 ಇವು ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಜಾತಿಯವು. ಇವನ್ನು ಮಾಡಲು ಬಿಪಿಎ ಅನ್ನುವ ರಾಸಾಯನಿಕ ಬೇಕಾಗಿಯೇ ಇಲ್ಲ. ಸೈಕಲ್ ಬಾಟಲಿಗಳು ಹೆಚ್ಚಾಗಿ ಇವೇ. ಬಿಪಿಎ ಗಲಾಟೆ ಎದ್ದದ್ದು ಗಾಜಿನ ಹಾಗೆ ಗಟ್ಟಿಯಾಗಿ ಹೊಳೆಯುವ ಪಾಲಿಕಾರ್ಬೊನೇಟ್‌ನಿಂದ, ಅದಕ್ಕೆ 7 ಅಂತ ಹಾಕುತ್ತಾರೆ. ಆದರೆ 7 ಅಂದರೆ "ಇತರೆ" ಅಂತ ಮಾತ್ರ. ಬಿಪಿಎ ಇಲ್ಲದ ಟ್ರೈಟಾನ್ ಅನ್ನುವ ಪ್ಲಾಸ್ಟಿಕ್‌ಗೂ 7 ಹಾಕುತ್ತಾರೆ. ನಾಲ್ಜೀನ್ ಬಾಟಲಿಯವರು 2008ರಲ್ಲಿ ಪಾಲಿಕಾರ್ಬೊನೇಟ್ ಬಿಟ್ಟು ಟ್ರೈಟಾನ್‌ಗೆ ಬಂದರು, ಸಂಖ್ಯೆ ಬದಲಾಗಲಿಲ್ಲ. ಬರೀ 7 ನೋಡಿ ಹೆದರುವುದೂ ಬೇಡ, ನಂಬುವುದೂ ಬೇಡ.

ಆಮೇಲೆ, ಒಂದು ಲೀಟರ್ ನೀರಲ್ಲಿ 2 ಲಕ್ಷದ 40 ಸಾವಿರ ಪ್ಲಾಸ್ಟಿಕ್ ಕಣ ಅಂತ ವಾಟ್ಸಾಪ್‌ನಲ್ಲಿ ಓಡುತ್ತಿರುತ್ತದಲ್ಲ, ಅದು 2024ರ ಜನವರಿಯಲ್ಲಿ ಬಂದ ಅಮೆರಿಕದ ಅಧ್ಯಯನದ ಅಂಕಿ. ಸುಳ್ಳಲ್ಲ. ಆದರೆ ಅವರು ಅಳೆದದ್ದು ಅಂಗಡಿಯಲ್ಲಿ ಮಾರುವ ಬಾಟಲಿ ನೀರನ್ನು, ನಾವು ಮನೆಯಿಂದ ತುಂಬಿಸಿಕೊಂಡು ಹೋಗುವ ಸೈಕಲ್ ಬಾಟಲಿಯನ್ನಲ್ಲ. ನನ್ನ ಲೆಕ್ಕ ಇಷ್ಟು: ಕುದಿಯುವ ನೀರು ಹಾಕಬೇಡಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಒಳಗೆ ಗೀರು ಬಿದ್ದು ಮಬ್ಬಾದರೆ ಎಸೆಯಿರಿ. ವರ್ಷಕ್ಕೋ ಒಂದೂವರೆ ವರ್ಷಕ್ಕೋ ಬದಲಾಯಿಸಿದರೆ ಆಯಿತು.

ಸ್ಟೀಲ್ ಆದರೆ 304 ಅಂತ ಇದೆಯಾ ನೋಡಿ, ಕೆಲವರು 18/8 ಅಂತ ಬರೆಯುತ್ತಾರೆ, ಎರಡೂ ಒಂದೇ. 18 ಕ್ರೋಮಿಯಂ, 8 ನಿಕಲ್. ಅಗ್ಗದವು 202ರಲ್ಲಿ ಬರುತ್ತವೆ, ಅದರಲ್ಲಿ ನಿಕಲ್ ಕಡಿಮೆ, ಉಪ್ಪು ಹುಳಿಗೆ ಬೇಗ ಕಲೆ ಬೀಳುತ್ತದೆ. ಐಎಸ್‌ಐ ಗುರುತು ಇದೆಯಾ ಅಂತಲೂ ನೋಡಿ.

ಹೊಸ_ಸವಾರೆ

ತಾಮ್ರದ ಬಾಟಲಿ ಹೇಗೆ ಮೇಡಂ? ಅತ್ತೆ ಅದರಲ್ಲೇ ಕುಡಿ ಅಂತ ಕೊಟ್ಟಿದ್ದಾರೆ. ನಾನು ನಿಂಬೆರಸ, ಉಪ್ಪು ಹಾಕಿಕೊಂಡು ಹೋಗುವವಳು.

ಲ್ಯಾಬ್_ಅಮ್ಮ

ಅಯ್ಯೋ, ನಿಂಬೆರಸ ಬೇಡವೇ ಬೇಡ. ಹುಳಿ ಇದ್ದರೆ ತಾಮ್ರ ಕರಗಿ ನೀರಿಗೆ ಬರುತ್ತದೆ, ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ಮಜ್ಜಿಗೆಯೂ ಬೇಡ. ಬರೀ ನೀರು ಇಟ್ಟು ಮನೆಯಲ್ಲಿ ಕುಡಿಯಿರಿ, ಅತ್ತೆಗೂ ಸಮಾಧಾನ. ಅಲ್ಯೂಮಿನಿಯಂ ಬಾಟಲಿಗೂ ಇದೇ ಮಾತು, ಒಳಗಿನ ಲೇಪ ಗೀರಿ ಹೋಗಿದ್ದರೆ ಹುಳಿ ಹಾಕಬೇಡಿ.

ಇಂಬಳ_ಪ್ರಿಯ

ಚಾರಣದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಮಲೆನಾಡಿನಲ್ಲಿ ಇಪ್ಪತ್ತು ವರ್ಷದಿಂದ ಅಲೆಯುತ್ತಿದ್ದೇನೆ. ಕುಮಾರ ಪರ್ವತ 1,712 ಮೀಟರ್. ಕುಕ್ಕೆ ಕಡೆಯಿಂದ ಹತ್ತಿದರೆ ಮೊದಲ ಕಾಡಿನ ಭಾಗದಲ್ಲಿ ನೆರಳಿದೆ, ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಬೋಳು ಹುಲ್ಲುಗಾವಲು, ನೆತ್ತಿ ಸುಡುತ್ತದೆ. ಅಲ್ಲಿ ಜನ ನೀರಿಲ್ಲದೆ ಒದ್ದಾಡುವುದನ್ನು ಪ್ರತಿ ಸಲ ನೋಡುತ್ತೇನೆ. ಮೇಲೆ ಕಲ್ಲು ಮಂಟಪದ ಹತ್ತಿರ ನೀರು ಸಿಗುತ್ತದೆ, ಆದರೆ ಬೇಸಿಗೆ ಹತ್ತಿರ ಬಂದಂತೆ ಸಣ್ಣಗಾಗುತ್ತದೆ, ಅದನ್ನೇ ನಂಬಿ ಹೋಗಬೇಡಿ. ಎರಡು ಲೀಟರ್ ಹೊರುವ ಸಾಮರ್ಥ್ಯ ಇರಲೇಬೇಕು.

ಅದನ್ನು ಒಂದೇ ಎರಡು ಲೀಟರ್ ಬಾಟಲಿಯಲ್ಲಿ ಒಯ್ಯಬೇಡಿ. ಒಂದು ಲೀಟರಿನ ಎರಡು. ಒಂದು ಒಡೆದರೂ, ಜಾರಿ ಕಣಿವೆಗೆ ಹೋದರೂ ಇನ್ನೊಂದು ಇರುತ್ತದೆ. ಚೀಲದ ಎರಡೂ ಬದಿಗೆ ತೂಕ ಸಮ. ಬಾಯಿ ಅಗಲ ಇರಲಿ, ತೊರೆಯಲ್ಲಿ ತುಂಬಿಸಲು ಸುಲಭ, ಒಳಗೆ ಕೈಯೋ ಬ್ರಷ್ಷೋ ಹೋಗುತ್ತದೆ. ಅಗಲ ಬಾಯಿಯ ಒಂದು ಲೀಟರ್ ನಾಲ್ಜೀನ್ ನಾನು ಹತ್ತು ವರ್ಷದಿಂದ ಬಳಸುತ್ತಿದ್ದೇನೆ, ಬಂಡೆ ಮೇಲೆ ಎಷ್ಟು ಸಲ ಬಿದ್ದಿದೆಯೋ. ಆದರೆ ಅದು ಸೈಕಲ್ ಕೇಜ್‌ಗೆ ಹೋಗುವುದಿಲ್ಲ, ದಪ್ಪ ಜಾಸ್ತಿ. ಸೈಕಲ್ ಬಾಟಲಿ ಚಾರಣಕ್ಕೆ ಒಯ್ಯಬಹುದು, ಆದರೆ ಚೀಲದಲ್ಲಿ ಅಡ್ಡ ಬಿದ್ದು ಒತ್ತಿದರೆ ಮೂತಿಯಿಂದ ಸೋರಿ ಬಟ್ಟೆಯೆಲ್ಲ ಒದ್ದೆ. ತಲೆಕೆಳಗು ಮಾಡಿದರೂ ಸೋರದ ತಿರುಗಿಸುವ ಮುಚ್ಚಳವೇ ಬೇಕು ಅಲ್ಲಿಗೆ.

ಬಳಸಿ ಎಸೆಯುವ ಬಾಟಲಿ ತರಲೇಬೇಡಿ. ಅರಣ್ಯ ಇಲಾಖೆಯವರು ಚೀಲ ಬಿಚ್ಚಿಸಿ ನೋಡುತ್ತಾರೆ. ನೋಡದಿದ್ದರೂ ತರಬೇಡಿ. ಇಂಬಳ ಸಹಿಸಬಹುದು, ಹುಲ್ಲಿನ ನಡುವೆ ಹೊಳೆಯುವ ಆ ಪ್ಲಾಸ್ಟಿಕ್ ನೋಡಿದರೆ ನನಗೆ ರಕ್ತ ಕುದಿಯುತ್ತದೆ.

ಹೆಬ್ಬಾಳದ_ಪೆಡಲ್

ನೀರಿನ ಚೀಲ, ಅದೇ ಬೆನ್ನಿಗೆ ಹಾಕಿ ಪೈಪ್‌ನಿಂದ ಹೀರುವುದು, ಅದಾದರೆ ಎರಡಕ್ಕೂ ಆಗುತ್ತದಾ?

ಇಂಬಳ_ಪ್ರಿಯ

ಆಗುತ್ತದೆ, ತೊಳೆಯುವ ತಾಳ್ಮೆ ಇದ್ದರೆ. ನನಗಿಲ್ಲ.

ರಾತ್ರಿ_ಬ್ರೆವೆ

ಗುಡ್ಡದ ಕಾಡುದಾರಿಯಲ್ಲಿ ಎಂಟಿಬಿ (ಮೌಂಟನ್ ಬೈಕ್) ಓಡಿಸುವವರಿಗೆ ಅದು ಒಳ್ಳೆಯದು, ಹ್ಯಾಂಡಲ್‌ನಿಂದ ಕೈ ತೆಗೆಯಲಾಗದ ಜಾಗದಲ್ಲಿ ಹೀರಬಹುದು. ರಸ್ತೆಯಲ್ಲಿ ಬೆನ್ನು ಬೆವರಿ ಒದ್ದೆಯಾಗುತ್ತದೆ. ಎಷ್ಟು ನೀರು ಉಳಿದಿದೆ ಅಂತ ಕಾಣುವುದೂ ಇಲ್ಲ, ಸೊರ್ ಅಂತ ಗಾಳಿ ಬಂದಾಗಲೇ ಮುಗಿದದ್ದು ಗೊತ್ತಾಗುವುದು. ಆ ಹೊತ್ತಿಗೆ ಹತ್ತಿರದ ಅಂಗಡಿ ಹದಿನೈದು ಕಿ.ಮೀ. ಹಿಂದೆ ಹೋಗಿರುತ್ತದೆ.

ಕರಾವಳಿ_ಚಕ್ರ

ಯಾರೂ ಮೂತಿಯ ಬಗ್ಗೆ ಮಾತಾಡುತ್ತಿಲ್ಲವಲ್ಲ. ನನ್ನ ಪ್ರಕಾರ ಬಾಟಲಿ ಅಂದರೆ ಮೂತಿಯೇ, ಉಳಿದದ್ದು ಡಬ್ಬ.

ಮಳೆಗಾಲದಲ್ಲಿ ನಮ್ಮ ಕಡೆ ಸೈಕಲ್ ಓಡಿಸಿ ನೋಡಿ. ಮುಂದಿನ ಚಕ್ರ ಎತ್ತಿ ಎಸೆಯುವ ಕೆಸರು ನೇರ ಬಂದು ಬೀಳುವುದು ಬಾಟಲಿಯ ಮೇಲೆ. ಕೆಸರು ಮಾತ್ರ ಅಂದುಕೊಳ್ಳಬೇಡಿ, ಸಗಣಿ, ಚರಂಡಿ ಉಕ್ಕಿದ ನೀರು, ಎಲ್ಲ ಸೇರಿದ ಪಾಯಸ ಅದು. ಆಮೇಲೆ ನಾವು ಆ ಮೂತಿಯನ್ನೇ ಹಲ್ಲಿನಲ್ಲಿ ಕಚ್ಚಿ ಎಳೆದು ಕುಡಿಯುವುದು. ನಮ್ಮ ಜಿಲ್ಲೆಗಳಲ್ಲಿ ಮಳೆಗಾಲ ಬಂದರೆ ಇಲಿಜ್ವರ ಇದ್ದದ್ದೇ, ಅದು ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ ಬರುವ ಕಾಯಿಲೆ. ಅದಕ್ಕೇ ಮೂತಿಗೆ ಮೇಲೊಂದು ಮುಚ್ಚಳ ಇರುವ ಬಾಟಲಿ ಮಾತ್ರ ತೆಗೆದುಕೊಳ್ಳುತ್ತೇನೆ. ಮಡ್ ಕ್ಯಾಪ್ ಅಂತ ಕೇಳಿ. ಮುಚ್ಚಳ ಇಲ್ಲದಿದ್ದರೆ ಮುಂದಿನ ಚಕ್ರಕ್ಕೆ ಮಡ್‌ಗಾರ್ಡ್ ಆದರೂ ಹಾಕಿಸಿ. ಅದೂ ಇಲ್ಲದಿದ್ದರೆ ಬಾಟಲಿ ಎತ್ತಿ, ಮೊದಲ ಸಲ ಹಿಂಡಿದ ನೀರನ್ನು ಮೂತಿಯ ಮೇಲೇ ಚೆಲ್ಲಿ ತೊಳೆದು, ಬಾಯಿಗೆ ತಾಗಿಸದೆ ಮೇಲಿಂದ ಕುಡಿಯಿರಿ.

ಗ್ಯಾರೇಜ್_ಗುರು_ಮೈಸೂರು

ನೂರಕ್ಕೆ ನೂರು. ಬಾಟಲಿ ಕೊಳ್ಳುವಾಗ ಅಂಗಡಿಯಲ್ಲೇ ಮೂತಿ ಬಿಚ್ಚಿ ನೋಡಿ. ಬಿಚ್ಚಲು ಬರದ ಮೂತಿ ಆದರೆ ಅಲ್ಲೇ ಇಟ್ಟು ಬನ್ನಿ.

ಯಾಕೆ ಅಂತ ಹೇಳುತ್ತೇನೆ. ಹೋದ ತಿಂಗಳು ಒಬ್ಬ ಹುಡುಗ ಬಂದ, ನೀರು ಮಣ್ಣಿನ ವಾಸನೆ ಬರುತ್ತಿದೆ ಅಂತ. ಬಾಟಲಿ ಒಳಗೆಲ್ಲ ಫಳಫಳ. ನಾನು ಮುಚ್ಚಳ ತಿರುವಿ ಹಾಕಿ, ಚಮಚದ ಹಿಡಿಯಿಂದ ಆ ಸಿಲಿಕೋನ್ ವಾಲ್ವ್ ಎಬ್ಬಿಸಿದೆ. ಕೆಳಗೆ ಕಪ್ಪು ಬೂಷ್ಟು, ಸುತ್ತ ಉಂಗುರದ ಹಾಗೆ, ಕೆನೆ ಕಟ್ಟಿದಂತೆ ದಪ್ಪಗೆ. ಒಳಗಿನ ಸಣ್ಣ ರಬ್ಬರ್ ಬಳೆ ಇರುತ್ತದಲ್ಲ, ಅದರ ಹಿಂದೆ ಗುಲಾಬಿ ಬಣ್ಣದ ಲೋಳೆ. ಎಂಟು ತಿಂಗಳಿಂದ ಅದೇ ಮೂತಿಯಲ್ಲಿ ಎನರ್ಜಿ ಪುಡಿ ಕಲಸಿದ ನೀರು ಕುಡಿಯುತ್ತಿದ್ದನಂತೆ. ಅವನ ಮುಖ ನೋಡಬೇಕಿತ್ತು. ಸಕ್ಕರೆ ನೀರು ರಾತ್ರಿಯಿಡೀ ಮೂತಿಯಲ್ಲಿ ಉಳಿದರೆ ಬೂಷ್ಟಿಗೆ ಅದಕ್ಕಿಂತ ಹಬ್ಬ ಇಲ್ಲ.

ಹೊಸ_ಸವಾರೆ

ಇದನ್ನು ಓದಿ ಈಗಷ್ಟೇ ಅಡುಗೆಮನೆಗೆ ಹೋಗಿ ನನ್ನ ಬಾಟಲಿ ಬಿಚ್ಚಿ ಬಂದೆ. ಏನು ಸಿಕ್ಕಿತು ಅಂತ ಹೇಳುವುದಿಲ್ಲ. ಹೇಗೆ ತೊಳೆಯುವುದು ಹೇಳಿ, ಬೇಗ.

ಲ್ಯಾಬ್_ಅಮ್ಮ

ಹೆದರಬೇಡಿ. ಮೂತಿಯ ಎಲ್ಲ ಭಾಗ ಬಿಡಿಸಿ, ಬಿಸಿ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಕಾಲು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬಾಟಲಿಯ ವಾಸನೆಗೆ ಎರಡು ಚಮಚ ಅಡುಗೆ ಸೋಡಾ, ಉಗುರುಬೆಚ್ಚಗಿನ ನೀರು, ರಾತ್ರಿಯಿಡೀ. ಬೆಂಗಳೂರಿನ ಬೋರ್‌ವೆಲ್ ನೀರಿನಿಂದ ಒಳಗೆ ಬಿಳಿ ಪದರ ಕಟ್ಟಿದ್ದರೆ ಸೋಡಾ ಕೆಲಸ ಮಾಡುವುದಿಲ್ಲ. ಅದಕ್ಕೆ ಹುಳಿ ಬೇಕು, ವಿನಿಗರ್ ಅಥವಾ ಹಿಂಡಿ ಉಳಿದ ನಿಂಬೆ ಸಿಪ್ಪೆ. ಬ್ರಷ್ ಹೋಗದ ಕಡೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಜೋರಾಗಿ ಅಲ್ಲಾಡಿಸಿ. ಸ್ಟೀಲಿಗೂ ಇದು ಒಳ್ಳೆಯದು.

ಕೊನೆಗೆ ಒಣಗಿಸುವುದು. ತೊಳೆದು ಮುಚ್ಚಳ ಹಾಕಿ ಇಡುತ್ತಾರಲ್ಲ, ಅಲ್ಲೇ ಎಲ್ಲ ಹಾಳು. ಮುಚ್ಚಳ ಬೇರೆ, ಬಾಟಲಿ ಬೇರೆ, ಬೋರಲು ಹಾಕಿ.

ಹೊಸ_ಸವಾರೆ

ಥ್ಯಾಂಕ್ಸ್ ಮೇಡಂ. ಇನ್ನೊಂದು ನಾಚಿಕೆಯ ಪ್ರಶ್ನೆ. ಓಡುತ್ತಿರುವಾಗ ಕೈ ಬಿಟ್ಟು ಬಾಟಲಿ ತೆಗೆಯಲು ನನಗೆ ಬರುವುದೇ ಇಲ್ಲ. ನನ್ನ ಫ್ರೇಮ್ ಚಿಕ್ಕದು, ಬಾಟಲಿ ಮೇಲಿನ ಕಂಬಿಗೆ ತಾಗುತ್ತದೆ.

ಗ್ಯಾರೇಜ್_ಗುರು_ಮೈಸೂರು

ನಾಚಿಕೆ ಏನೂ ಇಲ್ಲಮ್ಮ. ಚಿಕ್ಕ ಫ್ರೇಮ್‌ಗೆ ಪಕ್ಕದಿಂದ ಎಳೆಯುವ ಕೇಜ್ ಬರುತ್ತದೆ, ಸೈಡ್ ಲೋಡ್ ಅಂತ ಕೇಳಿ. ಎಡ, ಬಲ ಎರಡೂ ಇರುತ್ತದೆ, ಯಾವ ಕೈಯಲ್ಲಿ ಕುಡಿಯುತ್ತೀರೋ ಅದನ್ನು ನೋಡಿ ಕೊಳ್ಳಿ. ಬಾಟಲಿ 500 ಅಥವಾ 600 ಮಿ.ಲೀ. ಗಿಡ್ಡದ್ದು ತಗೊಳ್ಳಿ, 750 ಬೇಡ.

ರಾತ್ರಿ_ಬ್ರೆವೆ

ಅಭ್ಯಾಸಕ್ಕೆ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್‌ಗೆ ಬನ್ನಿ, ಅವತ್ತು ಒಳಗೆ ಗಾಡಿ ಬಿಡುವುದಿಲ್ಲ. ಮೊದಲು ಬಾಟಲಿ ತೆಗೆಯುವುದೇ ಬೇಡ, ಓಡುತ್ತಾ ಕೈ ಕೆಳಗೆ ಇಳಿಸಿ ಬಾಟಲಿ ಮುಟ್ಟಿ ವಾಪಸ್ ಬನ್ನಿ. ಹತ್ತು ಸಲ ಆದ ಮೇಲೆ ಅರ್ಧ ಎಳೆದು ಬಿಡಿ. ಒಂದು ವಾರದಲ್ಲಿ ಬರುತ್ತದೆ. ಇನ್ನೊಂದು ಕೈ ಹ್ಯಾಂಡಲ್‌ನ ನಡುವೆ ಇರಲಿ, ತುದಿಯಲ್ಲಿ ಹಿಡಿದರೆ ಸೈಕಲ್ ಆ ಕಡೆ ಎಳೆಯುತ್ತದೆ.

ಮಿಲಾನ್_ಕನ್ನಡಿಗ

ಹುಬ್ಬಳ್ಳಿಯವನು, ಈಗ ಇಟಲಿಯಲ್ಲಿದ್ದೇನೆ. ಇಲ್ಲಿ ಬಾಟಲಿ ಚರ್ಚೆ ಅಂದರೆ 1952ಕ್ಕೆ ಹೋಗಿ ನಿಲ್ಲುತ್ತದೆ. ಆ ವರ್ಷದ ಟೂರ್ ಡೆ ಫ್ರಾನ್ಸ್‌ನಲ್ಲಿ ಗಾಲಿಬಿಯೇ ಅನ್ನುವ ಬೆಟ್ಟದ ದಾರಿ ಏರುವಾಗ ಇಟಲಿಯ ಸವಾರರಾದ ಫೌಸ್ಟೊ ಕೊಪ್ಪಿ, ಜಿನೊ ಬಾರ್ತಾಲಿ ಒಬ್ಬರ ಕೈಯಿಂದ ಒಬ್ಬರಿಗೆ ಬಾಟಲಿ ದಾಟಿಸುತ್ತಿರುವ ಒಂದು ಫೋಟೊ ಇದೆ. ಇಬ್ಬರೂ ಬದ್ಧ ಎದುರಾಳಿಗಳು. ಯಾರು ಕೊಟ್ಟರು, ಯಾರು ತೆಗೆದುಕೊಂಡರು ಅಂತ ಇವತ್ತಿಗೂ ಜಗಳ ಮುಗಿದಿಲ್ಲ. ನಮ್ಮಲ್ಲಿ ಕೊನೆಯ ಗುಟುಕು ಯಾರು ಕುಡಿದರು ಅಂತ ಆಗುತ್ತದಲ್ಲ, ಹಾಗೆ.

2021ರಲ್ಲಿ ಇನ್ನೊಂದು ಆಯಿತು. ಕಸ ಎಸೆಯಬಾರದು ಅಂತ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಹೊಸ ನಿಯಮ ತಂದ ಹೊಸದರಲ್ಲೇ ಮೈಕೆಲ್ ಶೇರ್ ಅನ್ನುವ ಸ್ವಿಸ್ ಸವಾರ ಟೂರ್ ಆಫ್ ಫ್ಲ್ಯಾಂಡರ್ಸ್‌ನಲ್ಲಿ ಖಾಲಿ ಬಾಟಲಿಯನ್ನು ದಾರಿಬದಿಯ ಅಭಿಮಾನಿಗಳ ಕಡೆ ಎಸೆದ. ಅಷ್ಟಕ್ಕೇ ರೇಸ್‌ನಿಂದ ಹೊರಗೆ. ಜನ ಬೈದ ಮೇಲೆ ನಿಯಮ ಸ್ವಲ್ಪ ಸಡಿಲ ಮಾಡಿದರು. ಅಂದಹಾಗೆ ಮಿಲಾನ್‌ನಲ್ಲಿ ಬೀದಿ ಬೀದಿಗೆ ಹಸಿರು ನಲ್ಲಿ, ಡ್ರ್ಯಾಗನ್ ಬಾಯಿಯಿಂದ ಕುಡಿಯುವ ನೀರು ಸುರಿಯುತ್ತಾ ಇರುತ್ತದೆ. ಹಾಗಾಗಿ ನನಗೆ ಒಂದೇ 500 ಮಿ.ಲೀ. ಬಾಟಲಿ ಸಾಕು. ಊರಿಗೆ ಬಂದಾಗ ಎರಡು ಹಾಕುತ್ತೇನೆ.

ಬಿಸಿಲ_ಕಲಬುರಗಿ

ಡ್ರ್ಯಾಗನ್ ಬಾಯಿ ಇರಲಿ ಅಣ್ಣ, ನಮ್ಮಲ್ಲಿ ನಲ್ಲಿಯ ಬಾಯಲ್ಲಿ ಗಾಳಿ ಬರುತ್ತದೆ.

ಹೆಬ್ಬಾಳದ_ಪೆಡಲ್

ಎಷ್ಟು ನೀರು ಬೇಕು ಅನ್ನುವ ಲೆಕ್ಕವೂ ಹೇಳಿಬಿಡಿ. ಬಾಟಲಿ ಗಾತ್ರ ಅದರ ಮೇಲೇ ತಾನೇ.

ರಾತ್ರಿ_ಬ್ರೆವೆ

ಗಂಟೆಗೆ 400ರಿಂದ 800 ಮಿ.ಲೀ. ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬೆವರುವುದು ಒಬ್ಬೊಬ್ಬರಿಗೆ ಒಂದೊಂದು ತರಹ. ಒಂದು ಗಂಟೆ ಓಡಿಸುವ ಮೊದಲೊಮ್ಮೆ, ಆದ ಮೇಲೊಮ್ಮೆ ತೂಕ ನೋಡಿ, ಅರ್ಧ ಕೆ.ಜಿ. ಇಳಿದಿದ್ದರೆ, ನಡುವೆ ಏನೂ ಕುಡಿಯದಿದ್ದರೆ, ಸುಮಾರು ಅರ್ಧ ಲೀಟರ್ ಬೆವರು ಹೋಯಿತು ಅಂತ. ಹಾಗಂತ ಹೊಟ್ಟೆ ಬಿರಿಯುವಷ್ಟು ಬರೀ ನೀರು ಸುರಿದುಕೊಳ್ಳುವುದೂ ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ಆಸ್ಪತ್ರೆ ಸೇರಿದವರು ಇದ್ದಾರೆ. ನಾನು ಎರಡು ಬಾಟಲಿಯಲ್ಲಿ ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಓಆರ್‌ಎಸ್. ಬರೀ ನೀರಿನದನ್ನು ಬೇಕಾದರೆ ತಲೆಗೂ ಸುರಿದುಕೊಳ್ಳಬಹುದು, ಪಂಕ್ಚರ್ ಹಾಕಿದ ಕೈಯೂ ತೊಳೆಯಬಹುದು.

ಲ್ಯಾಬ್_ಅಮ್ಮ

ಓಆರ್‌ಎಸ್ ವಿಷಯಕ್ಕೆ ಒಂದು ಮಾತು, ಇದು ಬಾಟಲಿ ಗಾತ್ರಕ್ಕೂ ಸೇರುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಅಳೆದು ಮಾಡಿದ್ದು. ಅದನ್ನು ಪೂರ್ತಿ 600 ಮಿ.ಲೀ. ಬಾಟಲಿಗೆ ಸುರಿದರೆ ತೀರಾ ಗಟ್ಟಿಯಾಗುತ್ತದೆ. 200 ಮಿ.ಲೀ.ಗೆ ಅಂತ ಸಣ್ಣ ಪೊಟ್ಟಣ ಸಿಗುತ್ತದೆ, 600ರ ಬಾಟಲಿಗೆ ಮೂರು ಹಾಕಿದರೆ ಲೆಕ್ಕ ಸರಿ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ. ಆ ಸೂತ್ರ ಪಾಲಿಸದ ಸಿಹಿ ಪಾನೀಯಗಳಿಗೆ ಓಆರ್‌ಎಸ್ ಅನ್ನುವ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಿದೆ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳದೆ ದಿನಾ ಕುಡಿಯಬೇಡಿ.

ಕರಾವಳಿ_ಚಕ್ರ

ಓಆರ್‌ಎಸ್ ಹಾಕಿದ ಬಾಟಲಿಯ ಮೂತಿ ಅವತ್ತೇ ತೊಳೆಯಿರಿ. ಮತ್ತೆ ಹೇಳುತ್ತಿದ್ದೇನೆ ಅಂತ ಬೇಜಾರಾಗಬೇಡಿ.

ಹೆಬ್ಬಾಳದ_ಪೆಡಲ್

ಒಂದು ತಿಂಗಳಾಯಿತು, ಏನು ಮಾಡಿದೆ ಅಂತ ಹೇಳಲು ಬಂದೆ. 650 ಮಿ.ಲೀ.ಯ ಹಿಂಡುವ ಬಾಟಲಿ ಎರಡು, ಎರಡಕ್ಕೂ ಮೂತಿ ಮುಚ್ಚಳ ಇದೆ. ಅಂಗಡಿಯಲ್ಲಿ ನಿಂತು ಮೂತಿ ಬಿಚ್ಚಿ ನೋಡಿದೆ, ಸೇಲ್ಸ್ ಹುಡುಗ ನಾನು ಏನೋ ಮುರಿಯುತ್ತಿದ್ದೇನೆ ಅಂತ ಓಡಿ ಬಂದ. ಮೂರು ಬಾಟಲಿಯಲ್ಲಿ ಒಂದರ ವಾಲ್ವ್ ಬರಲೇ ಇಲ್ಲ, ಅದನ್ನು ಬಿಟ್ಟೆ. ಕೇಜ್ ಬಗ್ಗಿಸಿ ಟ್ಯೂಬ್ ಸುತ್ತಿದ್ದೇನೆ. ಎಲ್ಲ ಸೇರಿ 700 ರೂಪಾಯಿ ದಾಟಲಿಲ್ಲ. ನಿನ್ನೆ ನಂದಿ ಇಳಿದೆ, ಅದೇ ಗುಂಡಿಯ ಮೇಲೆ ಬೇಕಂತಲೇ ಹೋದೆ. ಬಾಟಲಿ ಕದಲಲಿಲ್ಲ.

ಪ್ಲಾಸ್ಟಿಕ್ ಅಂತ ಅಮ್ಮ ಇನ್ನೂ ಗೊಣಗುತ್ತಾರೆ, ಬುಡದ 4 ತೋರಿಸಿದೆ, ಒಪ್ಪಲಿಲ್ಲ. ಕುಮಾರ ಪರ್ವತಕ್ಕೆ ಅಣ್ಣನ ಹತ್ತಿರ ಅಗಲ ಬಾಯಿಯ ಒಂದು ಲೀಟರಿನದು ಎರಡು ಇದೆ, ಅದನ್ನೇ ಕೇಳಿ ಇಸ್ಕೊಂಡಿದ್ದೇನೆ. ಬಿದ್ದ ಸ್ಟೀಲ್ ಬಾಟಲಿಯ ಬುಡಕ್ಕೆ ತಗ್ಗು ಬಿದ್ದಿದೆ. ಬಿಸಿ ನೀರು ಹಾಕಿದರೆ ಹೊರಗೂ ಸುಡುತ್ತದೆ.

ಲ್ಯಾಬ್_ಅಮ್ಮ

ಹಾಗಾದರೆ ನಡುವಿನ ನಿರ್ವಾತ ಹೋಗಿದೆ, ಇನ್ನು ಅದು ಬರೀ ಭಾರದ ಸ್ಟೀಲ್ ಲೋಟ.

ಹೆಬ್ಬಾಳದ_ಪೆಡಲ್

ಅಮ್ಮ ಆಗಲೇ ಅದರಲ್ಲಿ ಮನಿ ಪ್ಲಾಂಟ್ ಇಟ್ಟಿದ್ದಾರೆ. ಬುಡ ನೆಟ್ಟಗೆ ಕೂರದ್ದಕ್ಕೆ ಕೆಳಗೆ ನನ್ನ ಹಳೆಯ ಟ್ಯೂಬ್‌ನ ಉಳಿದ ತುಂಡು ಮಡಚಿ ಕೊಟ್ಟೆ.